ಪರೀಕ್ಷೆ ಕಾಣದ ಗೋಡೆಗಳು

ಬೀದರ್‌ನಿಂದ ಚಾಮರಾಜನಗರದವರೆಗೆ ಯಾವ ಊರಿನ ಹೊಸ ಬಡಾವಣೆಗೆ ಹೋದರೂ ಕಟ್ಟುತ್ತಿರುವ ಮನೆಯ ಮುಂದೆ ಬೂದುಬಣ್ಣದ ಸಾಲಿಡ್ ಬ್ಲಾಕ್‌ಗಳನ್ನು ಅಟ್ಟಿ ಹಾಕಿರುವುದು ಕಾಣುತ್ತದೆ. ಒಂದು ತಲೆಮಾರಿನ ಹಿಂದೆ ಹೀಗಿರಲಿಲ್ಲ. ಹಳೆ ಮೈಸೂರಿನಲ್ಲಿ ಇಟ್ಟಿಗೆ, ಕರಾವಳಿಯಲ್ಲಿ ಕೆಂಪುಕಲ್ಲು, ಕಲಬುರಗಿಯ ಕಡೆ ಶಹಾಬಾದ್ ಕಲ್ಲು, ಬೆಂಗಳೂರು–ಕೋಲಾರದ ಕಡೆ ಸೈಜುಗಲ್ಲು ಎಂದು ನೆಲ ಬದಲಾದಂತೆ ಗೋಡೆಯೂ ಬದಲಾಗುತ್ತಿತ್ತು. ಈಗ ಅವೆಲ್ಲದರ ಜಾಗಕ್ಕೂ 16 ಇಂಚು ಉದ್ದ, 8 ಇಂಚು ಎತ್ತರದ ಸಿಮೆಂಟ್ ಬ್ಲಾಕ್ ಬಂದು ಕೂತಿದೆ.

ಮನೆ ಕಟ್ಟಿಸುವವರು ಸಿಮೆಂಟ್ ಯಾವ ಕಂಪನಿಯದು, ಕಂಬಿ ಯಾವ ಕಂಪನಿಯದು ಎಂದು ವಾರಗಟ್ಟಲೆ ವಿಚಾರಿಸುತ್ತಾರೆ. ಬ್ಲಾಕ್ ವಿಷಯಕ್ಕೆ ಬಂದಾಗ ಕೇಳುವ ಪ್ರಶ್ನೆ ಒಂದೇ: ಒಂದಕ್ಕೆ ಎಷ್ಟು? ಸಿಮೆಂಟ್ ಚೀಲಕ್ಕೆ ಐಎಸ್‌ಐ ಮುದ್ರೆ ಕಡ್ಡಾಯ, ಕಂಬಿಗೂ ಮುದ್ರೆ ಇರುತ್ತದೆ. ಆ ಸಿಮೆಂಟಿನಿಂದಲೇ ಮಾಡಿದ, ಮನೆಯ ಬಹುಪಾಲು ಮೈಯನ್ನು ತುಂಬುವ ಬ್ಲಾಕ್ ಮಾತ್ರ ಯಾವ ಮುದ್ರೆಯೂ ಇಲ್ಲದೆ, ಯಾವ ಪರೀಕ್ಷಾ ವರದಿಯೂ ಇಲ್ಲದೆ ಟ್ರ್ಯಾಕ್ಟರ್‌ನಲ್ಲಿ ಬಂದು ಇಳಿಯುತ್ತದೆ. ಬ್ಲಾಕ್ ಒಳ್ಳೆಯದೋ ಇಟ್ಟಿಗೆ ಒಳ್ಳೆಯದೋ ಎಂಬ ವಾದ ಎಲ್ಲ ಕಡೆ ನಡೆಯುತ್ತಿದೆ. ಯಾರ ಕೈಯಲ್ಲಿ, ಯಾವ ಅಳತೆಯಲ್ಲಿ ತಯಾರಾದ ಬ್ಲಾಕ್ ಎಂದು ಕೇಳದೆ ಆ ವಾದಕ್ಕೆ ಇಳಿಯುವುದರಲ್ಲಿ ಹುರುಳಿಲ್ಲ. ಹೋಲಿಕೆಗಿಂತ ಮೊದಲು ಪರೀಕ್ಷೆ ಆಗಬೇಕು. ಅದನ್ನು ನಾವು ಪೂರ್ತಿಯಾಗಿ ಕೈಬಿಟ್ಟಿದ್ದೇವೆ.

ಬ್ಲಾಕ್ ತಯಾರಿಕೆಯಲ್ಲಿ ಗುಟ್ಟೇನೂ ಇಲ್ಲ. ಸಿಮೆಂಟ್, ಕ್ರಷರ್ ಪುಡಿ, ಬೇಬಿ ಜಲ್ಲಿ, ನೀರು ಇಷ್ಟೇ ಸಾಮಗ್ರಿ. ಊರ ಹೊರಗಿನ ಖಾಲಿ ಜಾಗದಲ್ಲಿ ಒಂದು ಮಿಕ್ಸರ್, ನೆಲದ ಮೇಲೆ ಬ್ಲಾಕ್‌ಗಳನ್ನು ಒತ್ತಿ ಇಳಿಸುತ್ತಾ ಮುಂದೆ ಸರಿಯುವ ಯಂತ್ರ, ನೀರಿನ ತೊಟ್ಟಿ, ಆರೇಳು ಕೂಲಿಕಾರರು. ಹತ್ತಿರದಲ್ಲಿ ಕಲ್ಲಿನ ಕ್ರಷರ್ ಇದ್ದರೆ ಉದ್ಯಮ ನಡೆಯುತ್ತದೆ. ಜಲ್ಲಿ ಒಡೆಯುವಾಗ ಬರುವ ಪುಡಿಗೆ ಹಿಂದೆ ಬೆಲೆಯೇ ಇರಲಿಲ್ಲ. ನದಿ ಮರಳು ಸಿಗುವುದು ಕಷ್ಟವಾದಂತೆ ಅದೇ ಪುಡಿ ಈ ಉದ್ಯಮದ ಬೆನ್ನೆಲುಬಾಯಿತು. ಅಚ್ಚಿನಿಂದ ಬಿಡಿಸಿದ ಕೂಡಲೇ ಬ್ಲಾಕ್ ಕುಸಿಯದೆ ನಿಲ್ಲಬೇಕು. ಅದಕ್ಕಾಗಿ ಕಲಸನ್ನು ತೀರಾ ಒಣಗಿದಂತೆ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಸಿಮೆಂಟ್ ಗಟ್ಟಿಯಾಗಲು ಬೇಕಾದ ನೀರು ಆಮೇಲೆ ಹೊರಗಿನಿಂದಲೇ ಸಿಗಬೇಕು. ಕೊಟ್ಟಿಲ್ಲವೆಂದರೆ ಚೀಲಗಟ್ಟಲೆ ಹಾಕಿದ ಸಿಮೆಂಟಿನಲ್ಲಿ ಒಂದು ಪಾಲು ಕೆಲಸ ಮಾಡದೆ ಪುಡಿಯಾಗಿಯೇ ಉಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. 8 ಇಂಚು ದಪ್ಪದ ಒಂದು ಸಾಲಿಡ್ ಬ್ಲಾಕ್ ತೂಗುವುದು 32ರಿಂದ 35 ಕೆ.ಜಿ. ಇದರಲ್ಲಿ ಶೇ 7ರಷ್ಟು ಸಿಮೆಂಟ್ ಇರಬೇಕೆಂದರೆ 50 ಕೆ.ಜಿ.ಯ ಒಂದು ಚೀಲದಲ್ಲಿ 20ರಿಂದ 22 ಬ್ಲಾಕ್ ಬರಬೇಕು. ಅದೇ ಚೀಲದಲ್ಲಿ 30 ತೆಗೆದರೆ ಸಿಮೆಂಟಿನ ಪ್ರಮಾಣ ಶೇ 5ಕ್ಕೆ ಇಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಬಣ್ಣ ಒಂದೇ, ಅಂಚು ಅಷ್ಟೇ ಚೂಪು, ತೂಕದಲ್ಲೂ ವ್ಯತ್ಯಾಸವಿಲ್ಲ. ಪಕ್ಕದ ಯಾರ್ಡಿನವರು ಬ್ಲಾಕಿಗೆ 2 ರೂಪಾಯಿ ಕಮ್ಮಿಗೆ ಕೊಟ್ಟರೆ ಪ್ರಾಮಾಣಿಕವಾಗಿ ಸಿಮೆಂಟ್ ಹಾಕುವ ಯಾರ್ಡಿನ ಮಾಲೀಕ ಉಳಿಯುವುದು ಹೇಗೆ? ಪರೀಕ್ಷೆಯಿಲ್ಲದ ಮಾರುಕಟ್ಟೆ ಒಳ್ಳೆಯ ತಯಾರಕನನ್ನೇ ಮೊದಲು ಹೊರಗೆ ತಳ್ಳುತ್ತದೆ. ಈ ವ್ಯವಸ್ಥೆಯ ಬಗ್ಗೆ ನನ್ನ ದೊಡ್ಡ ತಕರಾರು ಇದು. ಸಣ್ಣ ಉದ್ಯಮಿಗಳೆಲ್ಲ ಮೋಸಗಾರರು ಎಂಬುದಲ್ಲ, ಪ್ರಾಮಾಣಿಕರಾಗಿದ್ದರೆ ಲಾಭವಿಲ್ಲದಂತೆ ಮಾಡಿರುವುದು ನಾವು.

ಕಾಂಕ್ರೀಟ್ ಬ್ಲಾಕ್‌ಗೆ ಭಾರತೀಯ ಮಾನಕ ಇಲ್ಲದಿಲ್ಲ. ಐಎಸ್ 2185 ಎಂಬ ಮಾನಕದ ಮೊದಲ ಭಾಗ ಹಾಲೋ ಮತ್ತು ಸಾಲಿಡ್ ಬ್ಲಾಕ್‌ಗಳ ಬಗ್ಗೆಯೇ ಇದೆ. ಸಾಲಿಡ್ ಬ್ಲಾಕ್ ಚದರ ಮಿಲಿಮೀಟರ್‌ಗೆ ಕನಿಷ್ಠ 4 ನ್ಯೂಟನ್ ಭಾರ ತಾಳಬೇಕು, 8 ಬ್ಲಾಕ್‌ಗಳ ಸರಾಸರಿ ತೆಗೆಯಬೇಕು, ನೀರು ಹೀರುವ ಪ್ರಮಾಣ ಶೇ 10 ಮೀರಬಾರದು ಎಂದು ಅದು ಹೇಳುತ್ತದೆ. 4 ನ್ಯೂಟನ್ ಎಂದರೆ ಕೇಳಲು ಸಣ್ಣದು. 6 ಇಂಚಿನ ಬ್ಲಾಕ್‌ನ ಇಡೀ ಮೈಗೆ ಲೆಕ್ಕ ಹಾಕಿದರೆ ಅದು 24 ಟನ್. ಅದಕ್ಕಿಂತ ಮುಖ್ಯವಾದದ್ದು ನೀರಿನ ವಿಷಯ: ಕನಿಷ್ಠ 14 ದಿನ ನೀರುಣಿಸಬೇಕು, ಆಮೇಲೆ 4 ವಾರ ಒಣಗಿಸಿ ನಂತರವೇ ಗೋಡೆಗೆ ಬಳಸಬೇಕು. ಒಟ್ಟು 6 ವಾರ. ನಮ್ಮ ಬಡಾವಣೆಗಳಿಗೆ ಬರುವ ಬ್ಲಾಕ್‌ನಲ್ಲಿ 6 ವಾರ ತುಂಬಿದ್ದು ಎಷ್ಟು ಎಂಬುದು ಯಾವ ಮೇಸ್ತ್ರಿಯನ್ನು ಕೇಳಿದರೂ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟು ಯಾರ್ಡ್ ನಡೆಸುವವರು ದಿನಕ್ಕೆರಡು ಸಲ ಪೈಪ್ ಹಿಡಿದು ನಾಲ್ಕೈದು ದಿನಕ್ಕೆ ಮುಗಿಸುತ್ತಾರೆ. ಜಾಗಕ್ಕೆ ಬಾಡಿಗೆ ಕೊಡುತ್ತಿರುವವರಿಗೆ ಮಾಲನ್ನು ತಿಂಗಳುಗಟ್ಟಲೆ ಒಣಗಲು ಬಿಡುವುದು ಕಟ್ಟುವುದಿಲ್ಲ.

ಇದರ ಫಲವನ್ನು ಮನೆಯವರು ಎರಡನೇ ವರ್ಷ ಕಾಣುತ್ತಾರೆ. ಕಾಂಕ್ರೀಟ್ ಮೊದಲ ಸಲ ಒಣಗುವಾಗ ಕುಗ್ಗುತ್ತದೆ. ಮಾನಕ ಒಪ್ಪುವ ಗರಿಷ್ಠ ಕುಗ್ಗುವಿಕೆ ಶೇ 0.06. ಅಷ್ಟೇ ಆದರೂ 4 ಮೀಟರ್ ಉದ್ದದ ಗೋಡೆಯಲ್ಲಿ ಅದು 2.4 ಮಿ.ಮೀ. ಈ ಕುಗ್ಗುವಿಕೆ ಯಾರ್ಡಿನಲ್ಲಿ ಮುಗಿಯಬೇಕಿತ್ತು. ಹಸಿ ಬ್ಲಾಕ್ ತಂದು ಕಟ್ಟಿ, ಮೇಲೆ ಪ್ಲಾಸ್ಟರ್ ಬಳಿದು, ಬಣ್ಣ ಹೊಡೆದ ಮೇಲೆ ಅದು ಗೋಡೆಯೊಳಗೆ ನಡೆಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಪಿಲ್ಲರ್ ಮತ್ತು ಗೋಡೆ ಕೂಡುವಲ್ಲಿ ನೇರವಾಗಿ, ಬೀಮ್ ಕೆಳಗೆ ಅಡ್ಡಲಾಗಿ ಬಿರುಕು ಬಿಡುತ್ತದೆ. ಮನೆಯವರು ಪೇಂಟ್ ಸರಿಯಿಲ್ಲ ಎನ್ನುತ್ತಾರೆ, ಪೇಂಟರ್ ಪ್ಲಾಸ್ಟರ್ ಕಡೆ ಕೈ ತೋರಿಸುತ್ತಾನೆ, ಗಾರೆಯವರು ಎಂ-ಸ್ಯಾಂಡ್ ಮೇಲೆ ಹಾಕುತ್ತಾರೆ. ಬ್ಲಾಕ್‌ನ ವಯಸ್ಸನ್ನು ಯಾರೂ ವಿಚಾರಿಸುವುದಿಲ್ಲ. ಸುಟ್ಟ ಇಟ್ಟಿಗೆಯ ಗುಣ ಇದಕ್ಕೆ ತದ್ವಿರುದ್ಧ. ಗೂಡಿನಿಂದ ಹೊರಬಂದ ಇಟ್ಟಿಗೆ ಗಾಳಿಯ ತೇವ ಹೀರಿಕೊಂಡು ವರ್ಷಗಳಲ್ಲಿ ಕೊಂಚ ಹಿಗ್ಗುತ್ತದೆಯೇ ಹೊರತು ಹೀಗೆ ಕುಗ್ಗುವುದಿಲ್ಲ. ಇಟ್ಟಿಗೆಯ ಮನೆಯಲ್ಲಿ ಕಲಿತ ಕೈಕೆಲಸವನ್ನೇ ಗಾರೆಯವರು ಬ್ಲಾಕ್‌ಗೂ ಬಳಸಿದರು; ಅದಕ್ಕೆ ಬೇರೆ ಶಿಸ್ತು ಬೇಕೆಂಬುದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಇಟ್ಟಿಗೆಯನ್ನು ನೀರಲ್ಲಿ ನೆನೆಸಿಯೇ ಕಟ್ಟಬೇಕು. ಬ್ಲಾಕ್‌ ಅನ್ನು ಹಾಗೆ ತೋಯಿಸಿ ಕಟ್ಟಿದರೆ ಕುಗ್ಗುವಿಕೆಯನ್ನು ನಾವೇ ಕರೆದಂತೆ. ಇಷ್ಟು ಸಣ್ಣ ವಿಷಯವೂ ಸೈಟುಗಳಲ್ಲಿ ಅದಲುಬದಲಾಗಿದೆ.

ಬಿರುಕು ಕಣ್ಣಿಗೆ ಕಾಣುವ ತೊಂದರೆ ಅಷ್ಟೇ, ಮನೆ ಬೀಳುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಪರೀಕ್ಷೆಯಿಲ್ಲದ ಬ್ಲಾಕ್ ಎಲ್ಲಿಯವರೆಗೆ ಕೊಂಡೊಯ್ಯಬಲ್ಲದು ಎಂಬುದನ್ನು ತಿಳಿಯಲು ಐರ್ಲೆಂಡ್ ದೇಶದ ಡೊನೆಗಾಲ್ ಮತ್ತು ಮೇಯೊ ಕೌಂಟಿಗಳನ್ನು ನೋಡಬೇಕು. ಅಲ್ಲಿ ಸಾವಿರಾರು ಕುಟುಂಬಗಳ ಮನೆಗಳು ಕಾಂಕ್ರೀಟ್ ಬ್ಲಾಕ್‌ನಿಂದ ಕಟ್ಟಿದವು. ಕೆಲವು ವರ್ಷಗಳ ನಂತರ ಹೊರಗೋಡೆಗಳಲ್ಲಿ ಜಾಲದಂತೆ ಬಿರುಕು ಕಾಣಿಸಿತು, ಬ್ಲಾಕ್‌ಗಳು ಬೆರಳಿಗೆ ಉದುರತೊಡಗಿದವು. ಸರ್ಕಾರ ನೇಮಿಸಿದ ತಜ್ಞರ ಸಮಿತಿ 2017ರಲ್ಲಿ ವರದಿ ಕೊಟ್ಟಿತು. ಡೊನೆಗಾಲ್‌ನಲ್ಲಿ ಬ್ಲಾಕ್‌ಗೆ ಬಳಸಿದ ಕಲ್ಲಿನಲ್ಲಿ ಅತಿಯಾದ ಅಭ್ರಕ, ಮೇಯೊದಲ್ಲಿ ಕಬ್ಬಿಣದ ಸಲ್ಫೈಡ್ ಆದ ಪೈರೈಟ್ ಕಾರಣ ಎಂದು ಅದು ಹೇಳಿತು. ಮುಂದಿನ ಅಧ್ಯಯನಗಳು ಡೊನೆಗಾಲ್‌ನಲ್ಲೂ ಪಿರೋಟೈಟ್ ಎಂಬ ಇನ್ನೊಂದು ಸಲ್ಫೈಡ್ ಖನಿಜದತ್ತ ಬೊಟ್ಟು ಮಾಡಿವೆ. ಮನೆಗಳನ್ನು ಕೆಡವಿ ಕಟ್ಟಿಕೊಡಲು 2022ರಲ್ಲಿ ಅಲ್ಲಿನ ಸಂಸತ್ತು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಆಗ ಅಂದಾಜಿಸಿದ ವೆಚ್ಚ ಸುಮಾರು 270 ಕೋಟಿ ಯೂರೊ. ಶ್ರೀಮಂತ ದೇಶ, ಲಿಖಿತ ಮಾನಕಗಳಿದ್ದವು. ಕಲ್ಲು ಯಾವ ಕ್ವಾರಿಯಿಂದ ಬಂತು, ಅದರಲ್ಲಿ ಏನಿದೆ ಎಂದು ನೋಡುವ ಕಣ್ಣು ಮಾತ್ರ ಇರಲಿಲ್ಲ.

ನಮ್ಮ ಕಲ್ಲಿನಲ್ಲಿ ಅದೇ ದೋಷ ಇದೆ ಎಂದು ನಾನು ಹೇಳುತ್ತಿಲ್ಲ. ದಕ್ಷಿಣ ಕರ್ನಾಟಕದ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಗಟ್ಟಿ. ಆದರೆ ಕ್ವಾರಿಯ ಮೇಲ್ಪದರದ ಹಣ್ಣಾದ ಕಲ್ಲು, ಮಣ್ಣು ಬೆರೆತ ಪುಡಿ, ಹಿಟ್ಟಿನಂತಹ ಧೂಳು ಕೂಡ ಅದೇ ಲಾರಿಯಲ್ಲಿ ಬರುತ್ತವೆ. ಐರ್ಲೆಂಡ್‌ನಲ್ಲಿ ಖರ್ಚಿಗೆ ಸರ್ಕಾರ ನಿಂತಿತು. ಇಲ್ಲಿ ಸಾಲ ಮಾಡಿ 30×40 ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಯಾರು ನಿಲ್ಲುತ್ತಾರೆ?

ಹಾಗಾದರೆ ಇಟ್ಟಿಗೆಗೇ ಮರಳೋಣ ಎಂಬ ಮಾತು ಬರುತ್ತದೆ. ಇಟ್ಟಿಗೆಯ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಹಂಪಿಯ ವಿರೂಪಾಕ್ಷ ಗೋಪುರದ ಮೇಲಂತಸ್ತುಗಳು ಇಟ್ಟಿಗೆ ಮತ್ತು ಗಾರೆಯವು. ಶತಮಾನಗಳ ಮಳೆ ಬಿಸಿಲನ್ನು ಅವು ಕಂಡಿವೆ. ಆದರೆ ಇಂದಿನ ಇಟ್ಟಿಗೆಯ ಬೆಲೆಯನ್ನು ನೆಲ ತೆರುತ್ತಿದೆ. ಒಂದು ಇಟ್ಟಿಗೆ ಸುಮಾರು 3 ಕೆ.ಜಿ. ತೂಗುತ್ತದೆ. 1 ಲಕ್ಷ ಇಟ್ಟಿಗೆಯ ಒಂದು ಗೂಡು ಹಾಕಿದರೆ 300 ಟನ್ ಮಣ್ಣು ಹೋಯಿತು. ಅದು ಕೆರೆಯ ಹೂಳಾದರೆ ಕೆರೆಗೂ ಒಳ್ಳೆಯದೇ. ಹೊಲದ ಮೇಲ್ಮಣ್ಣಾದರೆ ಆ ಹೊಲ ಮತ್ತೆ ಚೇತರಿಸಿಕೊಳ್ಳಲು ತಲೆಮಾರುಗಳೇ ಬೇಕು. ಮಾಲೂರು, ಹೊಸಕೋಟೆ ಸೀಮೆಯಲ್ಲಿ ಸಾಗುವಳಿಗಿಂತ ಮಣ್ಣು ಮಾರುವುದೇ ಲಾಭ ಎಂಬ ಸ್ಥಿತಿ ಬಂದದ್ದನ್ನು ಅಲ್ಲಿನ ರೈತರೇ ಹೇಳುತ್ತಾರೆ. ಸುಡಲು ನೀಲಗಿರಿ ಸೌದೆ, ಕಲ್ಲಿದ್ದಲು, ತೌಡು ಹೊಟ್ಟು ಏನು ಸಿಕ್ಕಿದರೂ ಆದೀತು. ಹೊಗೆಯ ಮಾತು ಬೇರೆ. ಕೇಂದ್ರ ಪರಿಸರ ಸಚಿವಾಲಯ 2022ರ ಫೆಬ್ರುವರಿಯಲ್ಲಿ ಹೊರಡಿಸಿದ ಅಧಿಸೂಚನೆ ಹಳೆಯ ಗೂಡುಗಳು ಜಿಗ್‌ಜಾಗ್ ಅಥವಾ ಲಂಬ ಕುಲುಮೆಯ ವಿಧಾನಕ್ಕೆ ಬದಲಾಗಬೇಕು, ಇಲ್ಲವೇ ಕೊಳವೆ ಅನಿಲ ಬಳಸಬೇಕು ಎಂದಿದೆ. ಒಂದು ಹಂಗಾಮಿಗೆ ಹೊಲ ಗುತ್ತಿಗೆ ಹಿಡಿದು ಗೂಡು ಹಾಕುವವರಿಗೆ ಅಷ್ಟು ಬಂಡವಾಳ ಎಲ್ಲಿಂದ ಬರಬೇಕು?

ಇಟ್ಟಿಗೆಯ ಬೆಲೆಯಲ್ಲಿ ಇನ್ನೊಂದು ಲೆಕ್ಕ ಸೇರಿಯೇ ಇಲ್ಲ. ಮುಂಗಡ ಹಣಕ್ಕೆ ಕಟ್ಟುಬಿದ್ದು, ಮಕ್ಕಳನ್ನೂ ಕರೆದುಕೊಂಡು ಹಂಗಾಮು ಪೂರ್ತಿ ಗೂಡಿನ ಪಕ್ಕದ ಜೋಪಡಿಯಲ್ಲಿ ಬದುಕುವ ಕುಟುಂಬಗಳ ದುಡಿಮೆ ಅದು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅರ್ಧ ಶತಮಾನವಾದರೂ ಇಟ್ಟಿಗೆ ಗೂಡುಗಳಿಂದ ಜೀತಗಾರರನ್ನು ಬಿಡಿಸಿದ ಸುದ್ದಿ ನಿಂತಿಲ್ಲ. ಹಳೆಯ ಇಟ್ಟಿಗೆಯ ಚೆಲುವನ್ನು ಹೊಗಳುವ ಲೇಖನಗಳಲ್ಲಿ ಇದು ಬರುವುದಿಲ್ಲ.

ಗಟ್ಟಿತನದಲ್ಲೂ ನಮ್ಮ ಇಟ್ಟಿಗೆ ಗಂಗಾ ಬಯಲಿನ ಇಟ್ಟಿಗೆಯಂತಲ್ಲ. ಬೆಂಗಳೂರು ಸುತ್ತಲಿನ ಕೈ ಇಟ್ಟಿಗೆ ಮೃದು, ಬಹಳಷ್ಟು ಸಲ ಅದನ್ನು ಕೂಡಿಸುವ 1:6 ಸಿಮೆಂಟ್ ಗಾರೆಗಿಂತಲೂ ಮೃದು. ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ, ಕೆ.ಎಸ್. ಜಗದೀಶ್ ಮೊದಲಾದವರು ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಪಾಶ್ಚಾತ್ಯ ಪಠ್ಯಗಳು ಇಟ್ಟಿಗೆ ಗಟ್ಟಿ, ಗಾರೆ ಮೃದು ಎಂದು ಹಿಡಿದು ಬರೆದವು. ಇಲ್ಲಿ ಅದು ಉಲ್ಟಾ. ಇಂಥ ಗೋಡೆಯಲ್ಲಿ ಇಟ್ಟಿಗೆಗೂ ಗಾರೆಗೂ ಇರುವ ಬೆಸುಗೆ ಗಟ್ಟಿಯಾದಷ್ಟೂ ಗೋಡೆಯ ಬಲ ಹೆಚ್ಚುತ್ತದೆ ಎಂದು ಅವರ ಪ್ರಯೋಗಗಳು ತೋರಿಸಿದವು. ಬರೀ ಸಿಮೆಂಟ್ ಹೆಚ್ಚಿಸುತ್ತಾ ಹೋಗುವುದರಿಂದ ಆಗುವ ಲಾಭ ಸೀಮಿತ. ಇಟ್ಟಿಗೆಯನ್ನು ಸರಿಯಾಗಿ ನೆನೆಸುವುದು, ಗಾರೆಗೆ ಸುಣ್ಣ ಸೇರಿಸುವುದು ಇಂತಹ ಹಳೆಯ ಕ್ರಮಗಳಿಗೆ ಅಲ್ಲಿ ವೈಜ್ಞಾನಿಕ ಆಧಾರ ಸಿಕ್ಕಿತು. ನಮ್ಮ ಗೋಡೆಯನ್ನು ನಮ್ಮದೇ ಪ್ರಯೋಗಾಲಯ ಅಳೆದರೆ ಎಂತಹ ತಿಳಿವಳಿಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅದೇ ಇಬ್ಬರು 2003ರಲ್ಲಿ ಪ್ರಕಟಿಸಿದ ಒಂದು ಲೆಕ್ಕ ಇಂದಿಗೂ ಪ್ರಪಂಚದಾದ್ಯಂತ ಉಲ್ಲೇಖವಾಗುತ್ತದೆ. ಒಂದು ಘನಮೀಟರ್ ಸುಟ್ಟ ಇಟ್ಟಿಗೆ ಗೋಡೆ ಕಟ್ಟಲು ಖರ್ಚಾಗುವ ಶಕ್ತಿ ಸುಮಾರು 2,140 ಮೆಗಾಜೂಲ್. ಹಾಲೋ ಕಾಂಕ್ರೀಟ್ ಬ್ಲಾಕ್ ಗೋಡೆಗೆ, ಸಿಮೆಂಟ್ ಪ್ರಮಾಣಕ್ಕೆ ತಕ್ಕಂತೆ, 820ರಿಂದ 970. ಕೊಂಚ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ ಗೋಡೆಗೆ 650ರಿಂದ 810. ಸಿಮೆಂಟ್ ಪರಿಸರಕ್ಕೆ ಮಾರಕ, ಮಣ್ಣಿನ ಇಟ್ಟಿಗೆ ನೈಸರ್ಗಿಕ ಎಂದು ಬಹಳ ಜನ ನಂಬಿದ್ದಾರೆ. ಈ ಅಂಕಿಗಳ ಎದುರು ಆ ನಂಬಿಕೆ ನಿಲ್ಲುವುದಿಲ್ಲ. ಸಿಮೆಂಟ್ ತಯಾರಿಕೆಯಿಂದ ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7–8ರಷ್ಟು ಬರುತ್ತದೆ ಎಂಬುದು ನಿಜ. ನಮ್ಮದೇ ವಾಡಿ, ಸೇಡಂ ಸುತ್ತ ಅದರ ಧೂಳು ಕುಡಿಯುವ ಹಳ್ಳಿಗಳಿವೆ. ಆದರೂ ಬ್ಲಾಕ್‌ನಲ್ಲಿ ಸಿಮೆಂಟ್ ಇರುವುದು ನೂರಕ್ಕೆ ಏಳೋ ಹತ್ತೋ. ಇಟ್ಟಿಗೆಯಲ್ಲಾದರೆ ಇಡೀ ಮೈಯನ್ನೇ ದಿನಗಟ್ಟಲೆ ಬೇಯಿಸಬೇಕು.

ಮಣ್ಣಿನ ಬ್ಲಾಕ್‌ನ ಕತೆಯನ್ನು ಕೊಂಚ ನಿಂತು ಹೇಳಬೇಕು, ಏಕೆಂದರೆ ಅದು ಇಲ್ಲಿಯದೇ. 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯ ಸಾಮಗ್ರಿಯಿಂದಲೇ ರೂಪಿಸಲು ಹೊರಟಿತು. ಒಲೆ, ಜೈವಿಕ ಅನಿಲದ ಜೊತೆಗೆ ಮಣ್ಣಿನ ಬ್ಲಾಕ್ ಒತ್ತುವ ಕೈಯಂತ್ರವೂ ಅಲ್ಲಿ ಬೆಳೆಯಿತು. ಬೆಂಗಳೂರಿನ ಕೆಂಪುಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿದೆ. ಮರಳಿನ ಅಂಶ ಹೆಚ್ಚಿಸಿ, ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಒತ್ತಿ, ಮೂರು ವಾರ ನೀರುಣಿಸಿದರೆ ಎರಡು ಅಂತಸ್ತಿನ ಮನೆಗೆ ಸಾಕಾಗುವ ಬ್ಲಾಕ್ ಸಿದ್ಧ. ಸುಡುವ ಮಾತಿಲ್ಲ. ಪಾಯ ತೆಗೆದ ಮಣ್ಣೇ ಗೋಡೆಯಾಗುತ್ತದೆ. ಬೆಂಗಳೂರಿನಲ್ಲಿ ನೆಲಮಾಳಿಗೆ ಅಗೆದ ಮಣ್ಣನ್ನು ರಾತ್ರೋರಾತ್ರಿ ಕೆರೆಯಂಗಳಕ್ಕೆ, ರಾಜಕಾಲುವೆಗೆ ಸುರಿಯುವುದನ್ನು ನೋಡುವಾಗಲೆಲ್ಲ ಈ ಯಂತ್ರದ ನೆನಪಾಗಿ ಸಂಕಟವಾಗುತ್ತದೆ. ಚಿತ್ರಾ ವಿಶ್ವನಾಥ್ ಅವರಂತಹ ವಾಸ್ತುಶಿಲ್ಪಿಗಳು ಈ ಬ್ಲಾಕ್‌ನಿಂದ ನಗರದೊಳಗೇ ಹಲವಾರು ಮನೆ ಕಟ್ಟಿ ತೋರಿಸಿದ್ದಾರೆ. ಐಎಸ್ 1725 ಎಂಬ ಮಾನಕವೂ ಇದಕ್ಕಿದೆ.

ಐವತ್ತು ವರ್ಷವಾದರೂ ಅದು ಹರಡಲಿಲ್ಲ. ಕಾರಣ ಮಣ್ಣಿನಲ್ಲಿಲ್ಲ. ಪ್ರತಿ ಊರಿನ ಮಣ್ಣು ಬೇರೆ, ಹಾಗಾಗಿ ಪ್ರತಿ ಸಲ ಪರೀಕ್ಷಿಸಿ ಹದ ಮಾಡಬೇಕು. ಕಪ್ಪುಮಣ್ಣು ನೀರು ಕುಡಿದು ಉಬ್ಬಿ ಒಣಗಿದಾಗ ಬಿರಿಯುತ್ತದೆ; ಧಾರವಾಡದಿಂದ ಉತ್ತರಕ್ಕೆ ಅದಕ್ಕೆ ಸುಣ್ಣ ಬೇಕು ಅಥವಾ ಬೇರೆ ಮಣ್ಣು ತರಬೇಕು. ಅಂದರೆ ಈ ತಂತ್ರಜ್ಞಾನಕ್ಕೆ ಪರೀಕ್ಷೆ ಮಾಡುವ ಅಭ್ಯಾಸವೇ ಬುನಾದಿ. ಆ ಅಭ್ಯಾಸ ಇಲ್ಲದ ಊರುಗಳಲ್ಲಿ ಒಂದೆರಡು ಕಡೆ ಮಳೆಗೆ ಕರಗಿದ ಬ್ಲಾಕ್ ನೋಡಿದ ಜನ ‘ಮಣ್ಣಿನ ಮನೆ ಬಡವರದು’ ಎಂದು ಮುಖ ತಿರುಗಿಸಿದರು. ಸಾಲಿಡ್ ಬ್ಲಾಕ್‌ನ ದೋಷ ಪ್ಲಾಸ್ಟರ್ ಕೆಳಗೆ ಅಡಗಿಕೊಳ್ಳುತ್ತದೆ. ಸಾಮಾನ್ಯವಾಗಿ ಪ್ಲಾಸ್ಟರ್ ಇಲ್ಲದೆ ಬಿಡುವ ಮಣ್ಣಿನ ಬ್ಲಾಕ್‌ಗೆ ಆ ಸೌಲಭ್ಯ ಇಲ್ಲ.

ಈಚಿನ ವರ್ಷಗಳಲ್ಲಿ ಅಪಾರ್ಟ್‌ಮೆಂಟ್‌ಗಳಿಂದ ಶುರುವಾಗಿ ಬಿಡಿ ಮನೆಗಳಿಗೂ ಬರುತ್ತಿರುವುದು ಎಎಸಿ ಬ್ಲಾಕ್. 1920ರ ದಶಕದಲ್ಲಿ ಸ್ವೀಡನ್‌ನ ಯೋಹಾನ್ ಆಕ್ಸೆಲ್ ಎರಿಕ್ಸನ್ ರೂಪಿಸಿದ ವಿಧಾನ ಇದು. ಹಾರುಬೂದಿ ಅಥವಾ ಮರಳು, ಸುಣ್ಣ, ಸಿಮೆಂಟ್ ಕಲಸಿಗೆ ಚಿಟಿಕೆ ಅಲ್ಯೂಮಿನಿಯಂ ಪುಡಿ ಸೇರಿಸಿದರೆ ಅನಿಲದ ಗುಳ್ಳೆಗಳೆದ್ದು ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಅದನ್ನು ಕತ್ತರಿಸಿ ಸುಮಾರು 190 ಡಿಗ್ರಿಯಲ್ಲಿ, ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ತೂಕ ಇಟ್ಟಿಗೆಯ ಮೂರನೇ ಒಂದರಷ್ಟು, ಶಾಖ ದಾಟಿಸುವ ಗುಣ ನಾಲ್ಕನೇ ಒಂದರಷ್ಟು. ರಾಯಚೂರು, ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಪಡುವಣ ಗೋಡೆಗೆ ಇದನ್ನು ಬಳಸಿದರೆ ರಾತ್ರಿಯ ನಿದ್ದೆಗೇ ವ್ಯತ್ಯಾಸ ತಿಳಿಯುತ್ತದೆ. ಸಾಲಿಡ್ ಬ್ಲಾಕ್ ಈ ವಿಷಯದಲ್ಲಿ ಎಲ್ಲಕ್ಕಿಂತ ಹಿಂದೆ. ಹಗಲಿಡೀ ಕುಡಿದ ಬಿಸಿಲನ್ನು ಅದು ರಾತ್ರಿ ಒಳಗೆ ಕಕ್ಕುತ್ತದೆ. 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆಯ ಮೇಲೆ ಬರೀ ಆರ್‌ಸಿಸಿ ತಾರಸಿ ಹಾಕಿ ಕೊಟ್ಟ ಆಶ್ರಯ ಯೋಜನೆಯ ಮನೆಗಳ ಕುಟುಂಬಗಳು ಏಪ್ರಿಲ್–ಮೇ ತಿಂಗಳಲ್ಲಿ ಹೊರಗೆ ಮಲಗುವುದು ಬೇರೆ ದಾರಿಯಿಲ್ಲದೆ.

ಎಎಸಿಗೂ ತನ್ನದೇ ಶರತ್ತುಗಳಿವೆ. ಅದು ನೀರು ಹೀರುತ್ತದೆ, ಸಾಮಾನ್ಯ ಗಾರೆಗೆ ಸರಿಯಾಗಿ ಅಂಟುವುದಿಲ್ಲ, ಭಾರದ ಬೀರು ತೂಗುಹಾಕಲು ಬೇರೆ ಬಗೆಯ ಮೊಳೆ ಬೇಕು. ಅದಕ್ಕೆ ಬೇಕಾದ ಹಾರುಬೂದಿ ಸಿಗುವುದು ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿ, ವಿಜಯಪುರದ ಕೂಡಗಿಯಂತಹ ವಿದ್ಯುತ್ ಸ್ಥಾವರಗಳ ಬಳಿ. ಅದೇ ಬೂದಿಯಿಂದ ಮಾಡುವ ಇಟ್ಟಿಗೆಯ ವಿಷಯದಲ್ಲಂತೂ ದೂರವೇ ನಿರ್ಣಾಯಕ. 2003ರ ಅದೇ ಅಧ್ಯಯನದ ಪ್ರಕಾರ ಒಂದು ಘನಮೀಟರ್ ಇಟ್ಟಿಗೆಯನ್ನು 100 ಕಿ.ಮೀ. ಲಾರಿಯಲ್ಲಿ ಸಾಗಿಸಲು 200 ಮೆಗಾಜೂಲ್ ಬೇಕು. ರಾಯಚೂರಿನಿಂದ ಬೆಂಗಳೂರಿಗೆ 400 ಕಿ.ಮೀ. ದಾಟುವಷ್ಟರಲ್ಲಿ ಹಾಲೋ ಬ್ಲಾಕ್ ಗೋಡೆಯೊಂದನ್ನು ಕಟ್ಟುವಷ್ಟು ಶಕ್ತಿ ರಸ್ತೆಯಲ್ಲೇ ಮುಗಿಯುತ್ತದೆ. ಬೂದಿ ಬಳಕೆಯನ್ನು ಕಡ್ಡಾಯ ಮಾಡುವ ಅಧಿಸೂಚನೆ ಮೊದಲು ಬಂದಾಗ, 1999ರಲ್ಲಿ, ಸ್ಥಾವರದಿಂದ 50 ಕಿ.ಮೀ. ವ್ಯಾಪ್ತಿ ಎಂದಿತ್ತು. ಅದು 2016ರ ವೇಳೆಗೆ 300 ಕಿ.ಮೀ. ಆಯಿತು. ಬೂದಿಗುಡ್ಡ ಕರಗಿಸುವ ಗುರಿ ಸರಿಯೇ. ಆದರೆ ರಾಯಚೂರಿನಲ್ಲಿ ಮೊದಲ ಆಯ್ಕೆಯಾಗಬೇಕಾದ ವಸ್ತು ಮೈಸೂರಿನಲ್ಲೂ ಮೊದಲ ಆಯ್ಕೆ ಆಗಬೇಕೆಂಬ ನಿಯಮವಿಲ್ಲ. ಹಾಗೆಯೇ ಉಡುಪಿ, ಮಂಗಳೂರಿನಲ್ಲಿ ನೆಲದಡಿಯಲ್ಲೇ ಕೆಂಪುಕಲ್ಲು ಇರುವಾಗ, ಅದರ ಗಣಿಗಾರಿಕೆಯನ್ನು ಶಿಸ್ತಿಗೆ ತರುವ ಬದಲು ಘಟ್ಟ ಹತ್ತಿಳಿಸಿ ಬ್ಲಾಕ್ ತರಿಸುವುದು ಜಾಣತನವಲ್ಲ.

ಗೋಡೆಯ ಬಗ್ಗೆ ನಮಗೆ ಈ ಅಸಡ್ಡೆ ಬಂದದ್ದು ಯಾವಾಗ? ಗೋಡೆ ಭಾರ ಹೊರುವುದನ್ನು ನಿಲ್ಲಿಸಿದಾಗ ಎಂಬುದು ನನ್ನ ಅಂದಾಜು. ಒಂದೇ ಅಂತಸ್ತಿನ ಮನೆಗೂ ಪಿಲ್ಲರ್ ಎತ್ತುವುದು ಈಗ ಪ್ರತಿಷ್ಠೆ. ಪಿಲ್ಲರ್ ಭಾರ ಹೊರುತ್ತದೆ ಎಂದ ಮೇಲೆ ನಡುವೆ ತುಂಬುವುದು ಏನಾದರೇನು ಎಂಬ ಭಾವನೆ ಬೇರೂರಿತು. ವಾಸ್ತವ ಹೀಗಿದೆ: ಎರಡು ಅಂತಸ್ತಿನ ಸಾಧಾರಣ ಮನೆಯ ಕೆಳಗಿನ 8 ಇಂಚಿನ ಗೋಡೆಯ ಮೇಲೆ ಬೀಳುವ ಭಾರ ಚದರ ಮಿಲಿಮೀಟರ್‌ಗೆ 0.3ರಿಂದ 0.4 ನ್ಯೂಟನ್. 5 ನ್ಯೂಟನ್ ಬಲದ, ಪರೀಕ್ಷೆಯಾದ ಬ್ಲಾಕ್‌ನಲ್ಲಿ ಒಳ್ಳೆಯ ಗಾರೆಯಿಂದ ಕಟ್ಟಿದ ಗೋಡೆಗೆ ಐಎಸ್ 1905 ಮಾನಕ ಸುಮಾರು ಅರ್ಧ ನ್ಯೂಟನ್‌ವರೆಗೆ ಭಾರ ಹೊರಲು ಬಿಡುತ್ತದೆ. ಪ್ಲಿಂತ್, ಲಿಂಟಲ್, ಸೂರಿನ ಮಟ್ಟದಲ್ಲಿ ಕಂಬಿ ಹಾಕಿದ ಬ್ಯಾಂಡ್ ಕೊಟ್ಟರೆ ಭೂಕಂಪಕ್ಕೂ ಮೈ ಹಿಡಿಯುತ್ತದೆ. ಮಹಾರಾಷ್ಟ್ರದ ಕಿಲ್ಲಾರಿಯ 1993ರ ಭೂಕಂಪದಲ್ಲಿ ಜನರನ್ನು ಕೊಂದದ್ದು ಬ್ಯಾಂಡ್ ಇಲ್ಲದೆ ಮಣ್ಣಿನ ಕಲಸಿನಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆಗಳು, ಗೋಡೆ ಎಂಬ ಪದ್ಧತಿ ಅಲ್ಲ. ಭಾರ ಹೊರಬಲ್ಲ ಗೋಡೆಯನ್ನು ಬರೀ ಪರದೆಯಂತೆ ಬಳಸಿ, ಅದರ ಪಕ್ಕ ಕಂಬಿ–ಕಾಂಕ್ರೀಟ್ ಸುರಿದು ಪಿಲ್ಲರ್ ಎತ್ತುವುದು ಸಾಲ ಮಾಡಿ ಮನೆ ಕಟ್ಟುವವರಿಗೆ ಎರಡು ಪಟ್ಟು ಹೊರೆ. ಆದರೆ ಪರೀಕ್ಷೆಯಾಗದ ಬ್ಲಾಕ್ ನಂಬಿ ಪಿಲ್ಲರ್ ಬಿಡಿ ಎಂದು ಯಾವ ಎಂಜಿನಿಯರ್ ಸಲಹೆ ಕೊಟ್ಟಾನು? ಪರೀಕ್ಷೆ ಇಲ್ಲದಿರುವುದರ ನಿಜವಾದ ಬೆಲೆ ಇಲ್ಲಿದೆ.

ಪರೀಕ್ಷೆಗೆ ಹೊಸ ಇಲಾಖೆ ಬೇಕಿಲ್ಲ. ಸಿವಿಲ್ ವಿಭಾಗವಿರುವ ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ ಬ್ಲಾಕ್ ಒಡೆದು ನೋಡುವ ಯಂತ್ರ ಇದೆ. ವರ್ಷದ ಬಹುಪಾಲು ದಿನ ಅದು ಸುಮ್ಮನಿರುತ್ತದೆ. ಮನೆ ಕಟ್ಟುವವರು 8 ಬ್ಲಾಕ್ ತಂದುಕೊಟ್ಟರೆ ಅಲ್ಪ ಶುಲ್ಕಕ್ಕೆ ಎರಡು ದಿನದಲ್ಲಿ ವರದಿ ಕೊಡುವ ಏರ್ಪಾಡು ತಾಲ್ಲೂಕಿಗೊಂದು ಆಗಲಿ. ವಿದ್ಯಾರ್ಥಿಗಳಿಗೆ ಅದೇ ಪಾಠ. ಯಾರ್ಡ್‌ಗಳಿಗೆ ಲೈಸೆನ್ಸ್ ಕೊಡುವ ಗ್ರಾಮ ಪಂಚಾಯಿತಿ, ನಗರಸಭೆಗಳು ಮೂರು ತಿಂಗಳಿಗೊಮ್ಮೆ ಪರೀಕ್ಷಾ ವರದಿ ಕೇಳಲಿ, ಬ್ಲಾಕ್ ಮೇಲೆ ತಯಾರಾದ ತಾರೀಕು ಒತ್ತುವುದನ್ನು ಕಡ್ಡಾಯ ಮಾಡಲಿ. ತಾರೀಕು ಒಂದಿದ್ದರೆ ಸಾಕು, ಓದು ಬರಹ ಬಲ್ಲ ಯಾರಿಗಾದರೂ 6 ವಾರ ಎಣಿಸಲು ಬರುತ್ತದೆ. ಸ್ಥಳೀಯ ಸಾಮಗ್ರಿ, ಕಡಿಮೆ ಖರ್ಚಿನ ತಂತ್ರಜ್ಞಾನವನ್ನು ಜನರಿಗೆ ಕಲಿಸಲೆಂದು ಹುಟ್ಟಿದ ನಿರ್ಮಿತಿ ಕೇಂದ್ರಗಳು ಜಿಲ್ಲೆ ಜಿಲ್ಲೆಯಲ್ಲಿವೆ. ಅವು ಇಂದು ಬಹುಪಾಲು ಸರ್ಕಾರಿ ಕಟ್ಟಡಗಳ ಗುತ್ತಿಗೆ ಕೆಲಸದಲ್ಲಿ ಮುಳುಗಿವೆ. ಅಂಗನವಾಡಿ, ಶಾಲಾ ಕೊಠಡಿಗಳನ್ನು ಅವೇ ಕಟ್ಟುತ್ತಿರುವಾಗ ಅಲ್ಲಿಂದಲೇ ಶುರು ಮಾಡಬಹುದು: ಆಯಾ ಜಿಲ್ಲೆಯ ಮಣ್ಣು, ಕಲ್ಲು, ಬೂದಿಯಿಂದ, ಪರೀಕ್ಷಾ ವರದಿಯನ್ನು ಗೋಡೆಗೇ ಅಂಟಿಸಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಪರ್ಯಾಯ ಸಾಮಗ್ರಿಗೆ ಒಂದು ಸಾಲು ಇದ್ದರೆ ಸಾಲದು. ಅದನ್ನು ಆರಿಸಿದ ಎಂಜಿನಿಯರ್ ಆಡಿಟ್ ಆಕ್ಷೇಪಣೆಗೆ ಹೆದರದಂತಿರಬೇಕು.

ಕೊನೆಗೆ, ಈ ಚರ್ಚೆಯಲ್ಲಿ ಎಂದೂ ಬಾರದ ಒಂದು ಮಾತು ಇದೆ. 8 ಇಂಚಿನ ಸಾಲಿಡ್ ಬ್ಲಾಕ್‌ನ 32–35 ಕೆ.ಜಿ.ಯನ್ನು ಯಾರೋ ಎತ್ತುತ್ತಾರೆ. ಲಾರಿಯಿಂದ ಇಳಿಸುವವರು, ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತುವ ಹೆಣ್ಣಾಳುಗಳು, ಸಾರುವೆ ಮೇಲೆ ನಿಂತು ಎದೆಮಟ್ಟಕ್ಕೆ ಎತ್ತಿ ಕೂರಿಸುವ ಗಾರೆಯವರು. ಬ್ರಿಟನ್ನಿನ ಸುರಕ್ಷತಾ ಮಾರ್ಗಸೂಚಿ 20 ಕೆ.ಜಿ.ಗಿಂತ ಭಾರದ ಬ್ಲಾಕ್‌ಗಳನ್ನು ಒಬ್ಬರೇ ಮತ್ತೆ ಮತ್ತೆ ಎತ್ತಿ ಕಟ್ಟಬಾರದು ಎನ್ನುತ್ತದೆ. ನಮ್ಮಲ್ಲಿ ನಲವತ್ತು ದಾಟುವಷ್ಟರಲ್ಲಿ ಸೊಂಟ ಬಿದ್ದು ಕೆಲಸ ಬಿಟ್ಟ ಗಾರೆಯವರು ಪ್ರತಿ ಊರಿನಲ್ಲಿದ್ದಾರೆ. ಅದೇ ಅಳತೆಯ ಹಾಲೋ ಬ್ಲಾಕ್ ಸಿಮೆಂಟ್ ಉಳಿಸುತ್ತದೆ, ಶಾಖ ತಡೆಯುತ್ತದೆ, ತೂಕವನ್ನು 20 ಕೆ.ಜಿ.ಯ ಆಸುಪಾಸಿಗೆ ಇಳಿಸುತ್ತದೆ. ಪರೀಕ್ಷೆಯಾದ ಹಾಲೋ ಬ್ಲಾಕ್ ಎರಡು ಅಂತಸ್ತನ್ನು ನಿಶ್ಚಿಂತೆಯಿಂದ ಹೊರುತ್ತದೆ. ಸರ್ಕಾರಿ ಕಾಮಗಾರಿಗಳ ಟೆಂಡರ್‌ನಲ್ಲಿ 8 ಇಂಚಿನ ಹೊರಗೋಡೆಗೆ ಸಾಲಿಡ್ ಬದಲು ಹಾಲೋ ಅಥವಾ ಅಷ್ಟೇ ಹಗುರದ ಬ್ಲಾಕ್ ಎಂದು ಬರೆಯಲು ಒಂದು ಸುತ್ತೋಲೆ ಸಾಕು. ಅದನ್ನು ಈ ವರ್ಷವೇ ಹೊರಡಿಸಬಹುದು.